ಬಣ್ಣಕ್ಕಿಂತ ಮೊದಲು ಗೋಡೆ

ದಸರೆ-ದೀಪಾವಳಿ ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಸುಣ್ಣ-ಬಣ್ಣದ ಸಡಗರ. ಆದರೆ ಹಚ್ಚಿದ ವರ್ಷದೊಳಗೇ ಗೋಡೆಯ ಕೆಳಭಾಗದಲ್ಲಿ ಬಣ್ಣ ಗುಳ್ಳೆಯೆದ್ದು, ಹಕ್ಕಳೆಯಾಗಿ ಉದುರುವುದನ್ನು ನೀವು ನೋಡಿರಬಹುದು. ಹೀಗೇಕೆ?

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಇಟ್ಟಿಗೆ, ಗಾರೆಗಳ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಮೇಲಕ್ಕೆಳೆಯುತ್ತವೆ. ಕೃಷ್ಣಾ, ಘಟಪ್ರಭಾ ದಂಡೆಯ ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ಸವಳು ನೆಲದಲ್ಲಿ ಲವಣಗಳೂ ಹೆಚ್ಚು. ಗೋಡೆಯ ಮೇಲ್ಮೈಯಲ್ಲಿ ನೀರು ಆವಿಯಾದಾಗ ಲವಣ ಹರಳುಗಟ್ಟಿ ಗಾರೆಯನ್ನೂ ಬಣ್ಣವನ್ನೂ ಹೊರಕ್ಕೆ ನೂಕುತ್ತದೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಈ ನದಿಗಳ ನೀರು ಮನೆಗಳಿಗೆ ನುಗ್ಗಿತ್ತು. ಹಾಗೆ ನೆನೆದ ಗೋಡೆ ಹೊರಗೆ ಬೇಗ ಒಣಗಿದಂತೆ ಕಂಡರೂ ಒಳಗೆ ಒಣಗಲು ತಿಂಗಳುಗಳೇ ಬೇಕು.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಗೇಣಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ. ಒಂದು ದಿನದ ನಂತರ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯಿಂದ ಬಂದದ್ದು. ಹೊರಮೈಯಲ್ಲಿ ಕಂಡರೆ ಗಾಳಿಯಿಂದ ಬಂದದ್ದು. ಗೋಡೆಯಲ್ಲಿ ತೇವವಿದ್ದರೆ ಬಣ್ಣದ ಮಾತು ಬೇಡ. ಮೊದಲು ಮಾಳಿಗೆಯ ಸೋರಿಕೆ ನಿಲ್ಲಿಸಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮಾಡಿ, ಕಿಟಕಿ ತೆರೆದು ಗಾಳಿಯಾಡಲು ಬಿಡಿ. ಬಿಳಿ ಲವಣವನ್ನು ಒಣ ಬ್ರಷ್ಷಿನಿಂದ ಉದುರಿಸಿ ಗುಡಿಸಿ ತೆಗೆಯಿರಿ. ತೊಳೆದರೆ ಅದು ಕರಗಿ ಮತ್ತೆ ಒಳಗೇ ಸೇರುತ್ತದೆ.

ನಮ್ಮ ಹಿರಿಯರು ಸುಣ್ಣ ಬಳಸಿದ್ದರಲ್ಲಿ ವಿಜ್ಞಾನವಿದೆ. ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ದೊರೆಯುವಂಥ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿನ ಅದೇ ಅನಿಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ! ಈ ಲೇಪದ ರಂಧ್ರಗಳ ಮೂಲಕ ತೇವ ಹೊರಹೋಗುತ್ತದೆ. ಪ್ಲಾಸ್ಟಿಕ್ ಪೇಂಟ್, ಆಯಿಲ್ ಪೇಂಟ್‌ಗಳ ಪದರ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಸುಣ್ಣ ಹಚ್ಚುವ ಮುನ್ನ ಗೋಡೆಗೆ ತುಸು ನೀರು ಚಿಮುಕಿಸಿ, ತೆಳುವಾಗಿ ಎರಡು-ಮೂರು ಸಲ ಬಳಿಯಬೇಕು. ಆಯಿಲ್ ಪೇಂಟ್ ಮೇಲೆ ಅದು ನಿಲ್ಲದು. ಸುಣ್ಣ ಅರಳಿಸುವಾಗ ಕಣ್ಣು, ಕೈ ಜೋಪಾನ.

ಪೇಂಟನ್ನೇ ಹಚ್ಚುವುದಾದರೆ ಪೂರ್ತಿ ಒಣಗಿದ ಗೋಡೆಯ ಸಡಿಲ ಪದರ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಧೂಳು ಒರೆಸಿ, ಪ್ರೈಮರ್ ಹಚ್ಚಿದ ಮೇಲೆಯೇ ಬಣ್ಣ.

ಒಂದು ಮುಖ್ಯ ಎಚ್ಚರಿಕೆ. ಹಳೆಯ ಪೇಂಟಿನಲ್ಲಿ ಸೀಸವಿರಬಹುದು. ಅದರ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಭಾರತದಲ್ಲಿ 2016ರ ನಿಯಮದಂತೆ ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ. ಇದು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಪದರವನ್ನು ಒಣಗಿದಂತೆ ಉಜ್ಜದೆ, ನೀರಿನಿಂದ ತೇವ ಮಾಡಿ ತೆಗೆಸಿ; ಆಮೇಲೆ ಗೋಡೆ ಮತ್ತೆ ಒಣಗಲಿ. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಈ ಸಲ ಹಬ್ಬಕ್ಕೆ ಬಣ್ಣ ತರುವ ಮುಂಚೆ ಗೋಡೆಗೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ. ಬಂದ ಫಲಿತಾಂಶವನ್ನು ಮನೆಯ ಹಿರಿಯರಿಗೂ ತೋರಿಸಿ.