ಏರಿ ಇಳಿಯುವ ಅಂಕಮಾಲೆ

ಕನ್ನಡ ನಾಡಿನ ಗಣಿತಪರಂಪರೆಯಲ್ಲಿ ಮಹಾವೀರಾಚಾರ್ಯನಿಗೆ ಅಗ್ರಸ್ಥಾನವಿದೆ. ಕ್ರಿ.ಶ. ೮೫೦ರ ಸುಮಾರಿಗೆ ಆತನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಆದಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಪ್ರಶಂಸೆಯುಂಟು. ಇಂದಿನ ಮುಂಡಗೋಡ, ಹಳಿಯಾಳಗಳ ಸೀಮೆಯೂ ಆಗ ಆ ಸಾಮ್ರಾಜ್ಯದೊಳಗಿದ್ದಿತು. ಮುಂಡಗೋಡದ ಮೂಡಣಕ್ಕಿರುವ ಬಂಕಾಪುರವು ನೃಪತುಂಗನ ಸಾಮಂತ ಬಂಕೇಯನ ಹೆಸರನ್ನು ಇಂದಿಗೂ ಹೊತ್ತಿದೆ. ಆದುದರಿಂದ ಈ ಗ್ರಂಥವು ಇಲ್ಲಿಯ ಮಕ್ಕಳಿಗೆ ಪರಕೀಯವಲ್ಲ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಗುಣಾಕಾರಕ್ಕೆ ಆಚಾರ್ಯನು ಬಳಸುವ ಹೆಸರು ‘ಪ್ರತ್ಯುತ್ಪನ್ನ’. ಅದರ ಉದಾಹರಣೆಗಳಲ್ಲೊಂದು ಹೀಗಿದೆ: ೨೭೯೯೪೬೮೧ನ್ನು ೪೪೧ರಿಂದ ಗುಣಿಸಬೇಕು. ಬರುವ ಲಬ್ಧ ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂದಿನ ಎಣಿಕೆಯಲ್ಲಿ ಇದು ೧೨೩೪ ಕೋಟಿ ೫೬ ಲಕ್ಷ ೫೪ ಸಾವಿರದ ೩೨೧. ಏಕದಿಂದ ಮಹಾಕ್ಷೋಭದವರೆಗೆ ಆಚಾರ್ಯನು ಹೆಸರಿಸಿದ ೨೪ ಸ್ಥಾನಗಳಲ್ಲಿ ಇದು ಹನ್ನೊಂದನೆಯದಾದ ಅರ್ಬುದವನ್ನು ಮುಟ್ಟುತ್ತದೆ. ಇಂಥ ಲಬ್ಧಗಳಲ್ಲಿ ಕೆಲವನ್ನು ಆತನು ಕಂಠಾಭರಣವೆಂದೇ ಕರೆದಿದ್ದಾನೆ.

ಇದನ್ನು ಚಮತ್ಕಾರವೆಂದು ತೋರಿಸಿ, ಮಕ್ಕಳನ್ನು ಬೆರಗುಗೊಳಿಸಿ ಮುಂದೆ ಸಾಗುವುದು ಗ್ರಂಥಕ್ಕೂ ಮಕ್ಕಳಿಗೂ ಮಾಡುವ ಅನ್ಯಾಯ. ಹಾರವೆಂದ ಮೇಲೆ ದಾರ ಇರಲೇಬೇಕಷ್ಟೆ! ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ಈ ಎರಡು ಮೂಲಗಳನ್ನು ಗುಣಿಸಿದರೆ ೧೧೧೧೧೧. ವರ್ಗಗಳ ಗುಣಲಬ್ಧವು ಮೂಲಗಳ ಗುಣಲಬ್ಧದ ವರ್ಗವೇ ಆಗುವುದರಿಂದ ನಮ್ಮ ಸಂಖ್ಯೆಯು ೧೧೧೧೧೧ರ ವರ್ಗವೆಂದು ಸಿದ್ಧವಾಯಿತು.

ಆ ವರ್ಗವು ಏರಿ ಇಳಿಯುವುದೇಕೆ? ದಾಂಡೇಲಿಯ ಕಾಗದದ ಮೇಲಾಗಲಿ, ಜೋಯಿಡಾದ ಶಾಲೆಯ ಕರಿಹಲಗೆಯ ಮೇಲಾಗಲಿ ಗುಣಾಕಾರವನ್ನು ಬಿಡಿಸಿ ಬರೆದರೆ ಸಾಕು. ೧೧೧೧೧೧ ಆರು ಸಾಲುಗಳಲ್ಲಿ ಬರುತ್ತದೆ. ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಬಲದ ಕೊನೆಯ ಕಂಬಸಾಲಿನಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವಿನದರಲ್ಲಿ ಆರು, ಆಮೇಲೆ ಇಳಿಮುಖ. ಯಾವ ಮೊತ್ತವೂ ಹತ್ತನ್ನು ಮುಟ್ಟದುದರಿಂದ ಎಡಸ್ಥಾನಕ್ಕೆ ಏನನ್ನೂ ಒಯ್ಯಬೇಕಾಗಿಲ್ಲ. ಸಂಖ್ಯೆಯ ಅಂಕಗಳ ಮೊತ್ತ ೩೬ ಆಗುವುದಕ್ಕೂ ಇದೇ ಕಾರಣ: ಆರು ಸಾಲು, ಸಾಲಿಗೆ ಆರು ಒಂದುಗಳು. ಒಂಬತ್ತು ಒಂದುಗಳವರೆಗೆ ಈ ಸೊಬಗು ನಿಲ್ಲುತ್ತದೆ. ಹತ್ತು ಒಂದುಗಳ ವರ್ಗ ೧೨೩೪೫೬೭೯೦೦೯೮೭೬೫೪೩೨೧. ಅಲ್ಲಿ ಏರಿಕೆಯಲ್ಲಿ ಎಂಟು ಕಾಣೆಯಾಗಿ ಹಾರ ಹರಿಯುತ್ತದೆ.

ಇನ್ನು ಭಾಜಕಗಳು. ೧೧೧೧೧೧ನ್ನು ಒಡೆದರೆ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳು ದೊರೆಯುತ್ತವೆ. ವರ್ಗದಲ್ಲಿ ಪ್ರತಿಯೊಂದೂ ಎರಡು ಬಾರಿ. ಭಾಜಕವೊಂದನ್ನು ಕಟ್ಟುವಾಗ ಒಂದೊಂದನ್ನೂ ಬಿಡಬಹುದು, ಒಮ್ಮೆ ಕೊಳ್ಳಬಹುದು, ಎರಡು ಬಾರಿ ಕೊಳ್ಳಬಹುದು. ಮೂರನ್ನು ಐದು ಸಲ ಗುಣಿಸಿದರೆ ೨೪೩. ಈ ಸಂಖ್ಯೆಯ ಭಾಜಕಗಳು ಅಷ್ಟು.

ಆಚಾರ್ಯನ ಇನ್ನೊಂದು ಲೆಕ್ಕದಲ್ಲಿ ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು ಬರುತ್ತವೆ. ಅಲ್ಲಿಯ ದಾರ ಬೇರೆ: ೧೫೨೨೦೭ ಎಂದರೆ ೧೧೧೧ ಮತ್ತು ೧೩೭ರ ಗುಣಲಬ್ಧ, ೭೩ನ್ನು ೧೩೭ರಿಂದ ಗುಣಿಸಿದರೆ ೧೦೦೦೧, ಅದನ್ನು ೧೧೧೧ರಿಂದ ಗುಣಿಸಿದರೆ ೧೧೧೧೧೧೧೧.