ಯಂತ್ರ ಹೆಬ್ಬೆಟ್ಟು ಒಪ್ಪದಿದ್ದರೆ

ಸೋದರಿಯರೇ, ತಿಂಗಳ ಅಕ್ಕಿಗೆಂದು ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿರುತ್ತೀರಿ. ಸರದಿ ಬಂದಾಗ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಇನ್ನೊಮ್ಮೆ ಒತ್ತಿದರೂ ಅದೇ ಪಾಡು. “ನಾಳೆ ಬಾಮ್ಮ” ಅನ್ನಿಸಿಕೊಂಡು ಬರಿಗೈಲಿ ಹೊರಡುವ ಮುನ್ನ ಒಂದು ಮಾತು ತಿಳಿದಿರಲಿ: ಯಂತ್ರ ಒಪ್ಪಲಿಲ್ಲ ಅಂದಮಾತ್ರಕ್ಕೆ ನಿಮ್ಮ ಹಕ್ಕು ಹೋಗಲಿಲ್ಲ.

ನಮ್ಮ ಗುರುತು ಆ ಪುಟ್ಟ ಯಂತ್ರದೊಳಗೆ ಇರುವುದಿಲ್ಲ. ನಾವು ಒತ್ತಿದ ಅಚ್ಚು ದೂರದಲ್ಲಿರುವ ಆಧಾರ್ ಪ್ರಾಧಿಕಾರದ ಕಂಪ್ಯೂಟರಿಗೆ ಹೋಗಿ, ಹಿಂದೆ ಕೊಟ್ಟಿದ್ದ ಅಚ್ಚಿನೊಡನೆ ತಾಳೆಯಾಗಿ, ಹೌದು ಇಲ್ಲವೇ ಅಲ್ಲ ಎಂಬ ಉತ್ತರ ಬರಬೇಕು. ಆದ್ದರಿಂದ ತೊಡಕು ಎಲ್ಲಿ ಅಂತ ಮೊದಲು ಕೇಳಿ. ಸಾಲಿನಲ್ಲಿರುವವರಿಗೆಲ್ಲ ಹೀಗೇ ಆಗುತ್ತಿದ್ದರೆ ಅದು ಸರ್ವರ್ ತೊಂದರೆ, ನಿಮ್ಮ ಬೆರಳಿನದಲ್ಲ. ಯಂತ್ರದ ಮೇಲೆ 300 ಎಂಬ ಸಂಖ್ಯೆ ಮೂಡಿದರೆ ಬೆರಳಚ್ಚು ತಾಳೆಯಾಗಲಿಲ್ಲ ಎಂದರ್ಥ. 330 ಬಂದರೆ ನಿಮ್ಮ ಆಧಾರ್‌ನ ಬೆರಳಚ್ಚಿಗೆ ಬೀಗ ಬಿದ್ದಿದೆ. ಮೊಬೈಲಿನಲ್ಲಿ ಮಕ್ಕಳು ಹಾಕಿರಲೂಬಹುದು. ಆಧಾರ್ ಆ್ಯಪಿನಲ್ಲೇ ಅದನ್ನು ತೆಗೆಯಬಹುದು.

ನಮ್ಮ ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಮಣ್ಣು ಕಲಸಿ, ಇಟ್ಟಿಗೆ ಹೊತ್ತ ಕೈಗಳಲ್ಲಿ ಗೆರೆ ಸವೆದಿರುತ್ತದೆ. ಪಾತ್ರೆ ಉಜ್ಜಿ, ಬಟ್ಟೆ ಒಗೆದ ಕೈಗೂ ಅಷ್ಟೇ. ವಯಸ್ಸಾದವರದಂತೂ ಕೇಳಲೇ ಬೇಡಿ. ದುಡಿದಿದ್ದಕ್ಕೆ ಅಕ್ಕಿ ತಪ್ಪಬೇಕೇ?

ಹೀಗೆ ಮಾಡಿ ನೋಡಿ:

1. ಕೈಯಲ್ಲಿ ಮಣ್ಣು, ಎಣ್ಣೆ ಇದ್ದರೆ ತೊಳೆದು ಒರೆಸಿಕೊಳ್ಳಿ. ಬೆರಳು ತೀರ ಒಣಗಿದ್ದರೆ ಒದ್ದೆ ಬಟ್ಟೆ ತಾಕಿಸಿ. ಯಂತ್ರದ ಗಾಜನ್ನೂ ಒರೆಸಲು ಹೇಳಿ.

2. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ಸರಿ. ಒಪ್ಪಿದ ಬೆರಳನ್ನು ನೆನಪಿಟ್ಟುಕೊಳ್ಳಿ.

3. ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಬೆರಳು ಕೊಡಬಹುದು.

4. ಮೊಬೈಲಿಗೆ ಬರುವ ಒಟಿಪಿಯಿಂದ ಆಗುತ್ತದೆಯೇ ಕೇಳಿ. ಅದಕ್ಕೆ ಈಗ ಬಳಸುವ ನಂಬರೇ ಆಧಾರ್‌ಗೆ ಜೋಡಣೆಯಾಗಿರಬೇಕು.

5. ತಿಂಗಳು ತಿಂಗಳೂ ಇದೇ ಗೋಳಾದರೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಕಣ್ಣಿನ ಅಚ್ಚು ಹೊಸದಾಗಿ ಕೊಟ್ಟು, ರಸೀದಿ ತೆಗೆದುಕೊಳ್ಳಿ.

ಇಷ್ಟಾದರೂ ಆಗಲಿಲ್ಲವೇ? ಪಡಿತರ 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಜಾಲ ಸಿಗದೆ, ಬೆರಳು ತಾಳೆಯಾಗದೆ ಇದ್ದ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್ 24ರಂದು ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಅಂಥವರಿಗೆ ಕಾರ್ಡು ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು. ಜಗಳ ಬೇಡ, ಈ ಮಾತನ್ನು ಸಮಾಧಾನವಾಗಿ, ಗಟ್ಟಿಯಾಗಿ ಹೇಳಿ. ಕೇಳದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರೆದು ಕೊಡಿ, ಇಲ್ಲವೇ 1967ಕ್ಕೆ ಫೋನು ಮಾಡಿ. ಆಧಾರ್ ವಿಚಾರಕ್ಕೆ 1947. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಓದುಬರಹ ಬಾರದ ಅಜ್ಜಿ ಯಾರಾದರೂ ಬೆರಳು ಒಪ್ಪದೆ ಪೆಚ್ಚಾಗಿ ನಿಂತಿದ್ದರೆ, ಪಕ್ಕದಲ್ಲಿ ನಿಂತು ಇಷ್ಟನ್ನು ಕೇಳಿಕೊಡಿ. ಅವರ ಮನೆಯ ಒಲೆಯೂ ಉರಿಯಬೇಕಲ್ಲವೇ?