ಕೌದಿಯ ಅಂಚಿಗೆ ಬಾಟಿಕ್ ಬಟ್ಟೆ

ನಮ್ಮ ಅತ್ತೆಯವರು ಮುಗಿಸದೆ ಬಿಟ್ಟುಹೋದ ಕೌದಿಯೊಂದು ಬಹುಕಾಲ ಪೆಟ್ಟಿಗೆಯಲ್ಲಿಯೇ ಇತ್ತು. ತಮ್ಮ ಹಳೆಯ ಇಳಕಲ್ ಸೀರೆಗಳ ತುಂಡುಗಳೊಡನೆ ಮಾವನವರ ಬಿಳಿಯ ಧೋತರವನ್ನೂ ಅವರು ಅದರಲ್ಲಿ ಕೂಡಿಸಿದ್ದರು. ಮೈಹೊಲಿಗೆಯೆಲ್ಲ ಆಗಿತ್ತು, ಉಳಿದದ್ದು ಅಂಚು ಮಾತ್ರ. ಮಗಳ ಬಾಣಂತನಕ್ಕೆಂದು ಅದನ್ನು ಮುಗಿಸಲು ಕುಳಿತಾಗ ನಾನು ನೀಲಿ ಬಾಟಿಕ್ ಬಟ್ಟೆಯನ್ನು ಆರಿಸಿಕೊಂಡೆ.

ಕೌದಿಯ ಅಂಚು ಎರಡು ಮಗ್ಗುಲಿಗೂ ಕಾಣುವಂಥದು. ಬಾಟಿಕ್‌ನಲ್ಲಿ ಕರಗಿಸಿದ ಮೇಣದಿಂದ ಚಿತ್ತಾರ ಬರೆದು, ಬಟ್ಟೆಯನ್ನು ತಣ್ಣನೆಯ ಬಣ್ಣದ ನೀರಿನಲ್ಲಿ ಅದ್ದುತ್ತಾರೆ. ಮೇಣವಿದ್ದಲ್ಲಿ ಬಣ್ಣ ಹಿಡಿಯದು. ಮೇಣ ಬಿರಿದಲ್ಲಿ ಮಾತ್ರ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಬಟ್ಟೆ ಪೂರ್ತಿ ಮುಳುಗುವುದರಿಂದ ಅದರ ಒಳಮೈ ಹೊರಮೈಗಳು ಹೆಚ್ಚುಕಡಿಮೆ ಒಂದೇ. ಜಾವಾದಲ್ಲಿ ಹೆಸರಾದ ಈ ಕೆಲಸವು, ರವೀಂದ್ರನಾಥ ಠಾಕೂರರು 1927ರಲ್ಲಿ ಅಲ್ಲಿಗೆ ಹೋಗಿಬಂದ ಮೇಲೆ ಶಾಂತಿನಿಕೇತನದಲ್ಲಿಯೂ ಬೇರೂರಿತು.

ಆದರೆ ಬಾಟಿಕ್ ಬಣ್ಣ ಬಿಡಬಲ್ಲದು. ಹಿಂದೊಮ್ಮೆ ಕೆಂಪು ಬಾಟಿಕ್ಕನ್ನು ಒಗೆಯದೆ ಹೊಲಿದು, ಕೌದಿಯ ಬಿಳಿ ತುಂಡುಗಳನ್ನೆಲ್ಲ ಗುಲಾಬಿ ಮಾಡಿಕೊಂಡವಳು ನಾನು. ಮಾವನವರ ಧೋತರ ಇನ್ನೊಂದು ಸಿಕ್ಕುವಂತಿರಲಿಲ್ಲ. ಆದ್ದರಿಂದ ಈ ಸಲ ಬಟ್ಟೆಯನ್ನು ಬೇರೆಯಾಗಿ ನಾಲ್ಕು ಬಾರಿ ತಣ್ಣೀರಿನಲ್ಲಿ ಒಗೆದೆ. ಆಮೇಲೆ ಒದ್ದೆಯ ಬಿಳಿ ಚಿಂದಿಯಿಂದ ಉಜ್ಜಿ ನೋಡಿದೆ. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಎಷ್ಟೇ ಚೆಂದವಿರಲಿ, ಕೌದಿಗೆ ಬೇಡ. ಉಪ್ಪುನೀರಿನಲ್ಲಿ ನೆನೆಸಿದರೆ ಸಾಕೆಂಬ ಮಾತನ್ನು ನೆಚ್ಚಬಾರದು. ಬಣ್ಣ ಹಾಕುವಾಗ ಉಪ್ಪು ನೆರವಾದೀತೇ ಹೊರತು, ಬಿಡುವ ಬಣ್ಣವನ್ನು ಅದು ತಡೆಯದು. ಬಟ್ಟೆಯಲ್ಲಿ ಮೇಣ ಉಳಿದಿದ್ದರೆ ಸೂಜಿ ಸಿಕ್ಕಿಕೊಳ್ಳುತ್ತದೆ. ಖಾಲಿ ಕಾಗದಗಳ ನಡುವೆ ಇಟ್ಟು ಇಸ್ತ್ರಿ ಮಾಡಿದರೆ ಕಾಗದವೇ ಅದನ್ನು ಹೀರಿಕೊಳ್ಳುವುದು.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಗೆ ಮುಕ್ಕಾಲು ಮೀಟರು ಬಟ್ಟೆ ಸಾಕು. 3½ ಅಂಗುಲದ ಪಟ್ಟಿಗಳನ್ನು ಕತ್ತರಿಸಿ ಓರೆಯಾಗಿ ಜೋಡಿಸಬೇಕು. ನೆಟ್ಟಗೆ ಜೋಡಿಸಿದರೆ ಕೂಡಿದ ಜಾಗದಲ್ಲಿ ಗಂಟಿನಂತೆ ದಪ್ಪವಾಗುತ್ತದೆ. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಅದರ ಬಿಡಿ ಅಂಚುಗಳನ್ನು ಕೌದಿಯ ಅಂಚಿಗೆ ಸರಿಯಾಗಿ ಕೂಡಿಸಿ, ಅರ್ಧ ಅಂಗುಲ ಒಳಗೆ ಹೊಲಿಯಿರಿ. ಮೂಲೆಗೆ ಅರ್ಧ ಅಂಗುಲವಿರುವಾಗ ನಿಲ್ಲಿಸಿ, ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಿಸಿ, ಮತ್ತೆ ಮುಂದಿನ ಬದಿಯ ಗುಂಟ ಕೆಳಗಿಳಿಸಿ, ಹೊಲಿಗೆ ಮುಂದುವರಿಸಿರಿ. ಕೊನೆಗೆ ಪಟ್ಟಿಯನ್ನು ಹಿಂದಕ್ಕೆ ಹೊರಳಿಸಿ ಕೈಯಿಂದ ಹೆಮ್ಮಿಂಗ್ ಮಾಡಿರಿ. ಬಾಟಿಕ್‌ನ ನೇಯ್ಗೆ ಬಿಗಿ. ಸಣ್ಣ ಚೂಪಾದ ಸೂಜಿಯೇ ಬೇಕು, ಇಲ್ಲವಾದರೆ ಬೆರಳು ಹಣ್ಣಾಗುತ್ತದೆ.

ಉತ್ತರ ಕನ್ನಡದ ಸಿದ್ದಿ ಹೆಂಗಸರು ಮೂಲೆಗಳಲ್ಲಿ ಮುಕ್ಕೋನವಾಗಿ ಮಡಿಸಿದ ಬಣ್ಣದ ಬಟ್ಟೆಗಳನ್ನು ಹೊಲಿದು ಅದನ್ನು ‘ಫುಲಾ’ ಎನ್ನುತ್ತಾರೆ; ಅದಿಲ್ಲದ ಕೌದಿ ಅವರಿಗೆ ಬತ್ತಲೆಯಂತೆ. ಉಳಿದ ನೀಲಿ ಚೂರುಗಳಿಂದ ನಾನೂ ನಾಲ್ಕು ಇಟ್ಟೆ.

ಕೂಸು ಹುಟ್ಟಿದ ಹನ್ನೆರಡನೆಯ ದಿನವೇ ಕೌದಿಯನ್ನು ಒಗೆಯಬೇಕಾಗಿ ಬಂತು. ನೆರಳಿನಲ್ಲಿ ಹರವಿ, ಒಣಗುವ ತನಕ ಎರಡು ಸಲ ಹೋಗಿ ನೋಡಿದೆ. ಧೋತರದ ತುಂಡು ಬೆಳ್ಳಗೇ ಇತ್ತು.